ಕ್ಯಾಮೆರಾ ಪಟ್ಟಿಯಲ್ಲಿ ಫ್ಲ್ಯಾಷ್‌ಗೂ ಒಂದು ಸಾಲು ಕೊಡಿ

ಮಾನ್ಯ ಸಂಪಾದಕರೇ,

ಹೊಸಬರು ಯಾವ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಕೊಳ್ಳಬೇಕು ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿದೆ. ಜೊತೆಗಿದ್ದ ಪಟ್ಟಿಯನ್ನು ಕತ್ತರಿಸಿ ನಮ್ಮ ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ. ದಿನಕ್ಕೆ ಒಬ್ಬರಾದರೂ ಬಂದು "ಮೇಡಂ, ಯಾವ ಕ್ಯಾಮೆರಾ ತಗೊಳ್ಳಲಿ" ಅಂತ ಕೇಳುತ್ತಾರೆ, ಅವರಿಗೆ ಬೆರಳು ತೋರಿಸಿದರೆ ಸಾಕು. ಮೆಗಾಪಿಕ್ಸೆಲ್ ಇದೆ, ವಿಡಿಯೊ ಇದೆ, ಆಟೊಫೋಕಸ್ ಇದೆ, ಬೆಲೆ ಇದೆ. ಫ್ಲ್ಯಾಷ್ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲ. ಅದಕ್ಕೇ ಈ ಪತ್ರ.

ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ ಇದೆ. ಮಾವನವರು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಪಾಸ್‌ಪೋರ್ಟ್ ಫೋಟೊ, ನಾಮಕರಣ, ಸೀಮಂತ, ಶಾಲೆಯ ವಾರ್ಷಿಕೋತ್ಸವ, ಮದುವೆ ಎಲ್ಲ ಮಾಡುತ್ತೇವೆ. ಕೊಬ್ಬರಿ ರೇಟು ಚೆನ್ನಾಗಿದ್ದ ವರ್ಷ ಮದುವೆ ಆಲ್ಬಮ್ಮೂ ದಪ್ಪ ಆಗುತ್ತದೆ, ಅದು ನಮ್ಮ ಊರಿನ ಲೆಕ್ಕ.

ನಮ್ಮಲ್ಲಿ ಕೆಲಸ ಕಲಿತ ಹುಡುಗನೊಬ್ಬ ಹೋದ ವರ್ಷ ಸ್ವಂತವಾಗಿ ಆರ್ಡರ್ ಹಿಡಿಯೋಣ ಅಂತ ಕಂತಿನ ಮೇಲೆ ಕ್ಯಾಮೆರಾ ತಂದ. ವ್ಲಾಗ್ ಮಾಡುವವರಿಗೆ ಅಂತ ಬರುವ ಚಿಕ್ಕ ಮಿರರ್‌ಲೆಸ್. ಅಂಗಡಿಯವರು ಅದರ ಜೊತೆಗೇ ಒಂದು ಫ್ಲ್ಯಾಷನ್ನೂ ಬಿಲ್ಲಿಗೆ ಸೇರಿಸಿ ಕಳಿಸಿದ್ದರು. ಫ್ಲ್ಯಾಷ್ ಹಿಂದಿನ ಟೆಸ್ಟ್ ಬಟನ್ ಒತ್ತಿದರೆ ಫಳ್ ಅಂತ ಹೊಳೆಯುತ್ತದೆ. ಕ್ಯಾಮೆರಾ ಬಟನ್ ಒತ್ತಿದರೆ ಏನೂ ಇಲ್ಲ. ಅಂಗಡಿಗೆ ಫೋನ್ ಮಾಡಿದರೆ "ಸೆಟ್ಟಿಂಗ್ ನೋಡಿ ಸರ್" ಅಂದರಂತೆ. ನೋಡೋಕೆ ಅಲ್ಲಿ ಸೆಟ್ಟಿಂಗೇ ಇರಲಿಲ್ಲ. ಆ ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರ್, ಅಂದರೆ ತೆರೆದು ಮುಚ್ಚುವ ನಿಜವಾದ ಪರದೆ, ಇಲ್ಲ, ಫ್ಲ್ಯಾಷ್ ಹೊಡೆಸುವ ವ್ಯವಸ್ಥೆಯೂ ಇಲ್ಲ. ಎರಡು ವಸ್ತುವೂ ಹೊಸದು, ಎರಡರಲ್ಲೂ ದೋಷವಿಲ್ಲ, ಹಾಗಾಗಿ ಯಾವುದನ್ನೂ ವಾಪಸ್ ತಗೊಳ್ಳಲ್ಲ ಅಂದರು. ಅವನ ಮೊದಲ ಮದುವೆಗೆ ನಮ್ಮ ಹಳೆಯ ಕ್ಯಾಮೆರಾ ಕೊಟ್ಟು ಕಳಿಸಿದೆ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಹೇಳಬೇಕು. ಫ್ಲ್ಯಾಷ್ ಬೆಳಕು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಮುಗಿದುಹೋಗುವುದುಂಟು. ಆ ಹೊತ್ತಿಗೆ ಇಡೀ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಒಟ್ಟಿಗೆ ತೆರೆದಿರಬೇಕು. ಎಲೆಕ್ಟ್ರಾನಿಕ್ ಶಟರ್ ಇದ್ದರೆ ಸೆನ್ಸರ್ ಮೇಲಿಂದ ಕೆಳಗೆ ಸಾಲು ಸಾಲಾಗಿ ಓದಿಕೊಳ್ಳುತ್ತಾ ಬರುತ್ತದೆ. ಆಗ ಫ್ಲ್ಯಾಷ್ ಹೊಡೆದರೆ ಫೋಟೊದ ಒಂದು ಪಟ್ಟಿಗೆ ಮಾತ್ರ ಬೆಳಕು, ಉಳಿದದ್ದು ಕತ್ತಲೆ. ಅದಕ್ಕೇ ಹೆಚ್ಚಿನ ಕ್ಯಾಮೆರಾಗಳು ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಫ್ಲ್ಯಾಷನ್ನು ಆಫ್ ಮಾಡಿಬಿಡುತ್ತವೆ. "ಫ್ಲ್ಯಾಷ್ ಕೆಟ್ಟಿದೆ ಅಕ್ಕಾ" ಅಂತ ನಮ್ಮಲ್ಲಿಗೆ ತರುವವರಲ್ಲಿ ಎಷ್ಟೋ ಜನ ಸೈಲೆಂಟ್ ಶಟರ್, ಅಂದರೆ ಇದೇ ಎಲೆಕ್ಟ್ರಾನಿಕ್ ಶಟರ್, ಹಾಕಿಕೊಂಡಿರುತ್ತಾರೆ, ಅಷ್ಟೇ. ಅದನ್ನು ತೆಗೆದರೆ ಸರಿಹೋಗುತ್ತದೆ. ಮೆಕ್ಯಾನಿಕಲ್ ಶಟರೇ ಇಲ್ಲದ ಕ್ಯಾಮೆರಾದಲ್ಲಿ ತೆಗೆಯೋಕೆ ಏನಿದೆ?

ಸೋನಿಯ ಜಡ್‌ವಿ-ಇ10 ಅಂತ 2021ರಲ್ಲಿ ಬಂದ ಕ್ಯಾಮೆರಾ ಇದೆ. ಅದರಲ್ಲಿ ಮೆಕ್ಯಾನಿಕಲ್ ಶಟರ್ ಇದೆ, ಫ್ಲ್ಯಾಷ್ ಹೊಡೆಯುತ್ತದೆ. ಅದರ ಮುಂದಿನ ಮಾದರಿ, 2024ರ ಜಡ್‌ವಿ-ಇ10 ಮಾರ್ಕ್ 2ರಲ್ಲಿ ಮೆಕ್ಯಾನಿಕಲ್ ಶಟರ್ ತೆಗೆದಿದ್ದಾರೆ, ಫ್ಲ್ಯಾಷ್ ಹೊಡೆಯಲ್ಲ. ಫುಲ್‌ಫ್ರೇಮ್ (ದೊಡ್ಡ ಸೆನ್ಸರ್) ಆದ ಜಡ್‌ವಿ-ಇ1ರಲ್ಲೂ ಹೊಡೆಯಲ್ಲ. ಪ್ಯಾನಸೋನಿಕ್ ಎಸ್9ರ ತಲೆ ಮೇಲೆ ಫ್ಲ್ಯಾಷ್ ಕೂರಿಸುವ ಶೂ ಏನೋ ಇದೆ, ಆದರೆ ಅದರಲ್ಲಿ ಕರೆಂಟ್ ಸಂಪರ್ಕವೇ ಇಲ್ಲ, ಬರೀ ಕೋಲ್ಡ್ ಶೂ. ಇವೆಲ್ಲ ವಿಡಿಯೊಗೆ ಒಳ್ಳೆಯ ಕ್ಯಾಮೆರಾಗಳೇ, ಕಂಪನಿಯವರು ಮುಚ್ಚಿಟ್ಟಿರುವುದೂ ಇಲ್ಲ, ಸ್ಪೆಸಿಫಿಕೇಶನ್ ಹಾಳೆಯಲ್ಲಿ ಇದೆ. ಆದರೆ ಹೊಸ ಮಾದರಿ ಅಂದರೆ ಹಳೆಯದರಲ್ಲಿ ಇದ್ದದ್ದೆಲ್ಲ ಇದರಲ್ಲೂ ಇರುತ್ತದೆ ಅಂತ ತಾನೇ ಯಾರಾದರೂ ಅಂದುಕೊಳ್ಳುವುದು?

ಎಲೆಕ್ಟ್ರಾನಿಕ್ ಶಟರ್ ಒಂದೇ ಇದ್ದೂ ಫ್ಲ್ಯಾಷ್ ಹೊಡೆಯುವ ಕ್ಯಾಮೆರಾಗಳೂ ಇವೆ. ನಿಕಾನ್ ಜಡ್9, ಜಡ್8ರ ಸೆನ್ಸರ್ ಬಹಳ ಬೇಗ ಓದುವುದರಿಂದ 1/200 ಸೆಕೆಂಡಿನಲ್ಲಿ ಆರಾಮಾಗಿ ಫ್ಲ್ಯಾಷ್ ಬಳಸಬಹುದು. ಸೋನಿ ಎ9 ಮಾರ್ಕ್ 3ರಲ್ಲಿ ಇಡೀ ಸೆನ್ಸರ್ ಒಟ್ಟಿಗೇ ಓದುತ್ತದೆ, ಯಾವ ಸ್ಪೀಡಿನಲ್ಲಿ ಬೇಕಾದರೂ ಹೊಡೆಯಬಹುದು. ಆದರೆ ಇವುಗಳ ಬೆಲೆಯನ್ನು ನಮ್ಮ ಹುಡುಗರಿಗೆ ಹೇಳಿದರೆ ನಗುತ್ತಾರೆ.

ಶಟರ್ ಆಯಿತು, ಇನ್ನು ಶೂ. ಕ್ಯಾಮೆರಾ ತಲೆ ಮೇಲಿನ ಈ ಲೋಹದ ತಟ್ಟೆಯಲ್ಲಿ ಮೊದಲೆಲ್ಲ ನಡುವೆ ಒಂದು ಪಿನ್ ಇರುತ್ತಿತ್ತು. ಎಂಥಾ ಲೋಕಲ್ ಫ್ಲ್ಯಾಷ್ ಕೂರಿಸಿದರೂ ಆ ಪಿನ್ ಮುಟ್ಟಿದರೆ ಹೊಡೆಯುತ್ತಿತ್ತು. ಕ್ಯಾನನ್‌ನವರು 1500ಡಿ, 200ಡಿ ಮಾರ್ಕ್ 2 ಥರದ ಕೆಳಗಿನ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲೇ (ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ) ಈ ನಡುವಿನ ಪಿನ್ ತೆಗೆದರು. ಬರೀ ಒಂದು ಪಿನ್ನಿನ ಮ್ಯಾನ್ಯುಯಲ್ ಫ್ಲ್ಯಾಷ್ ಅವುಗಳ ಮೇಲೆ ಹೊಡೆಯುವುದಿಲ್ಲ. ಕ್ಯಾನನ್‌ನದೇ ಫ್ಲ್ಯಾಷ್ ಬೇಕು, ಇಲ್ಲವೇ ಕ್ಯಾನನ್‌ಗೆಂದೇ ಮಾಡಿದ, ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆದ ಟಿಟಿಎಲ್ ಫ್ಲ್ಯಾಷ್, ಅಂದರೆ ಕ್ಯಾಮೆರಾ ಅಳೆದು ಬೆಳಕನ್ನು ತಾನೇ ಹೊಂದಿಸುವ ಫ್ಲ್ಯಾಷ್, ಬೇಕು. 2021ರಲ್ಲಿ ಆರ್3 ಜೊತೆ ಮಲ್ಟಿ-ಫಂಕ್ಷನ್ ಶೂ ಅಂತ ಹೊಸದು ತಂದರು. ಆರ್10, ಆರ್7, ಆರ್6 ಮಾರ್ಕ್ 2ರಲ್ಲಿ ಈ ಹೊಸ ಸಂಪರ್ಕದ ಜೊತೆ ಹಳೆಯ ಪಿನ್ನುಗಳೂ ಇವೆ, ತೊಂದರೆ ಇಲ್ಲ. ಆರ್50ರಲ್ಲಿ ಹಳೆಯದು ಇಲ್ಲ. ಅದಕ್ಕೆ ಕ್ಯಾನನ್‌ನ ಹಳೆಯ ಫ್ಲ್ಯಾಷ್ ಹಾಕಬೇಕಾದರೂ ಎಡಿ-ಇ1 ಅನ್ನುವ ಅಡಾಪ್ಟರ್ ಬೇಕು. ತಿರುಗಾಮುರುಗಾ ಇನ್ನೊಂದಿದೆ: ಕ್ಯಾನನ್‌ನ ಇಎಲ್-5 ಫ್ಲ್ಯಾಷ್ ಹೊಸ ಶೂ ಇರುವ ಕ್ಯಾಮೆರಾಗೆ ಮಾತ್ರ. ಮೊದಲ ಆರ್6 ಮೇಲೆ ಅದು ಕೆಲಸ ಮಾಡಲ್ಲ. ಎರಡೂ ಒಂದೇ ಕಂಪನಿಯವು ಅಂತ ನಂಬಿ ದುಡ್ಡು ಕೊಟ್ಟರೆ ಕಷ್ಟ.

ಹಾಗಾಗಿ ನನ್ನ ಮಟ್ಟಿಗೆ, ಫ್ಲ್ಯಾಷ್ ಆಯ್ಕೆ ಫ್ಲ್ಯಾಷಿನಿಂದ ಶುರುವಾಗಲ್ಲ. ಕ್ಯಾಮೆರಾ ಕೊಳ್ಳುವ ದಿನವೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ.

ಪವರ್ ಬಗ್ಗೆ ಜನ ಕೇಳುವಷ್ಟು ಬೇರೆ ಯಾವುದರ ಬಗ್ಗೆಯೂ ಕೇಳಲ್ಲ. ಡಬ್ಬದ ಮೇಲೆ "ಗೈಡ್ ನಂಬರ್ 60" ಅಂತ ಇರುತ್ತದೆ. ಆ 60 ಬರುವುದು ಫ್ಲ್ಯಾಷ್ ತಲೆಯನ್ನು 200 ಎಂಎಂಗೆ ಜೂಮ್ ಮಾಡಿ, ಬೆಳಕನ್ನು ಸಣ್ಣಗೆ ಕೂಡಿಸಿದಾಗ. ಮದುವೆಯಲ್ಲಿ ನಾವು ಜಾಸ್ತಿ ಬಳಸುವ 35 ಎಂಎಂ ಹರವಿಗೆ ಬಂದರೆ ಅದೇ ಫ್ಲ್ಯಾಷ್ ಸುಮಾರು 36ಕ್ಕೆ ಇಳಿಯುತ್ತದೆ. ಈ ಅಂಕಿಯನ್ನು ಅಪರ್ಚರ್‌ನಿಂದ (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಎಫ್ ಅಂಕಿ) ಭಾಗಿಸಿದರೆ ಬೆಳಕು ಎಷ್ಟು ಮೀಟರ್ ಮುಟ್ಟುತ್ತದೆ ಅಂತ ಸಿಗುತ್ತದೆ. ಎಫ್/4 ಅಂದರೆ ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100ರಲ್ಲಿ 9 ಮೀಟರ್. ಐಎಸ್‌ಒ 400ಕ್ಕೆ ಏರಿಸಿದರೆ ದೂರ ಎರಡರಷ್ಟು, 18 ಮೀಟರ್. ಇವತ್ತಿನ ಸೆನ್ಸರ್‌ಗಳಲ್ಲಿ ಐಎಸ್‌ಒ 1600 ಕೂಡ ಚೆನ್ನಾಗಿಯೇ ಬರುತ್ತದೆ. ಹಾಗಿರುವಾಗ ಮನೆಯ ನಾಮಕರಣಕ್ಕೆ ಎರಡು ಎಎ ಸೆಲ್ ಹಾಕುವ ಚಿಕ್ಕ ಫ್ಲ್ಯಾಷ್ ಸಾಕು. ಚಿಕ್ಕ ಬಾಡಿ ಮೇಲೆ ಅರ್ಧ ಕೆಜಿ ಹತ್ತಿರದ ಫ್ಲ್ಯಾಷ್ ಕೂರಿಸಿ ಒಂದು ದಿನ ಹಿಡಿದು ನೋಡಿ, ಮಣಿಕಟ್ಟು ಹೇಳುತ್ತದೆ.

ಮದುವೆ ಬೇರೆ. ಅಲ್ಲಿ ನಾನು ನೋಡುವುದು ಒಂದು ಸಲ ಹೊಡೆದ ಮೇಲೆ ಮತ್ತೆ ಎಷ್ಟು ಬೇಗ ರೆಡಿ ಆಗುತ್ತದೆ ಅಂತ. ಗಟ್ಟಿಮೇಳ ಶುರುವಾಗಿ, ಎಲ್ಲರೂ ಅಕ್ಷತೆ ಹಾಕಿ, ಹುಡುಗ ತಾಳಿಯ ಗಂಟು ಹಾಕುವಷ್ಟರಲ್ಲಿ ನಮಗೆ ಬೇಕಾದ ಫೋಟೊ ಎಲ್ಲ ಸಿಗಬೇಕು. ಪುರೋಹಿತರು ನಮಗೋಸ್ಕರ ಇನ್ನೊಂದು ಸಲ ಕಟ್ಟಿಸಲ್ಲ! ಲಿಥಿಯಂ ಬ್ಯಾಟರಿಯ ಗೊಡಾಕ್ಸ್ ವಿ860 ಮಾರ್ಕ್ 3, ವಿ1 ಥರದವು ಫುಲ್ ಪವರ್‌ನಲ್ಲಿ ಹೊಡೆದರೂ ಒಂದೂವರೆ ಸೆಕೆಂಡಿಗೆ ಮತ್ತೆ ಸಿದ್ಧ. ನಾಲ್ಕು ಎಎ ಸೆಲ್‌ನವು ಅದಕ್ಕಿಂತ ನಿಧಾನ, ಸೆಲ್ ಇಳಿದಂತೆ ಇನ್ನೂ ನಿಧಾನ. ಆದರೂ ಎಎ ಸೆಲ್‌ನದು ಬೇಡ ಅನ್ನಲ್ಲ. ಹಳ್ಳಿ ಮದುವೆಯಲ್ಲಿ ಬ್ಯಾಟರಿ ಮುಗಿದರೆ ಪಕ್ಕದ ಅಂಗಡಿಯಲ್ಲಿ ಸಿಗುವುದು ಎಎ ಸೆಲ್ ಮಾತ್ರ. ನಾವು ರೀಚಾರ್ಜ್ ಆಗುವ ನಿಕಲ್ ಸೆಲ್ ಇಟ್ಟುಕೊಳ್ಳುತ್ತೇವೆ, ಸಾಮಾನ್ಯ ಆಲ್ಕಲೈನ್‌ಗಿಂತ ಅವು ಬೇಗ ತುಂಬಿಸುತ್ತವೆ.

ತಲೆ ಎಲ್ಲ ಕಡೆ ತಿರುಗಬೇಕು, ಇದನ್ನು ಬಿಟ್ಟುಕೊಡಬೇಡಿ. ಮುಖಕ್ಕೆ ನೇರವಾಗಿ ಹೊಡೆದರೆ ಹಣೆಯ ಎಣ್ಣೆ, ಜರಿ, ಒಡವೆ ಎಲ್ಲ ಬೆಳ್ಳಗೆ ಹೊಳೆದು ಮುಖ ಚಪ್ಪಟೆ ಕಾಣುತ್ತದೆ. ಹೋಮದ ಹೊಗೆ ಇದ್ದರಂತೂ ಫ್ಲ್ಯಾಷ್ ಬೆಳಕು ಹೊಗೆಗೇ ಬಡಿದು ಮಂಜಿನಂತಾಗುತ್ತದೆ. ವಿಡಿಯೊ ಪಾಠಗಳಲ್ಲಿ "ಬಿಳಿ ಸೀಲಿಂಗ್‌ಗೆ ಬೌನ್ಸ್ ಮಾಡಿ", ಅಂದರೆ ಬೆಳಕನ್ನು ಅಲ್ಲಿಗೆ ಹೊಡೆದು ವಾಪಸ್ ಬೀಳಿಸಿ, ಅಂತಾರೆ. ನಮ್ಮ ಕಡೆಯ ಕಲ್ಯಾಣ ಮಂಟಪಗಳಲ್ಲಿ ಸೀಲಿಂಗ್ ಎಲ್ಲೋ ಮೇಲಿರುತ್ತದೆ, ಕೆಳಗೆ ಗುಲಾಬಿ ಬಟ್ಟೆ ಕಟ್ಟಿರುತ್ತಾರೆ. ಅದಕ್ಕೆ ಬೌನ್ಸ್ ಮಾಡಿದರೆ ಮದುಮಗಳ ಮುಖವೂ ಗುಲಾಬಿ. ಶಾಮಿಯಾನ ಹಾಕಿದ ಮನೆ ಮುಂದೆ ಹಸಿರು, ನೀಲಿ, ಏನು ಬೇಕಾದರೂ ಬರಬಹುದು. ಹಳೆಯ ತೊಟ್ಟಿ ಮನೆಯ ಕಪ್ಪು ಮರದ ಅಟ್ಟ ಬೆಳಕನ್ನು ನುಂಗಿಬಿಡುತ್ತದೆ. ಅಂಥ ಕಡೆ ತಲೆಯನ್ನು ಪಕ್ಕದ ಸುಣ್ಣದ ಗೋಡೆಗೋ, ನಮ್ಮ ಹಿಂದಕ್ಕೋ ತಿರುಗಿಸುತ್ತೇವೆ. ಏನೂ ಸಿಗದಿದ್ದರೆ ಫ್ಲ್ಯಾಷನ್ನೇ ಕ್ಯಾಮೆರಾದಿಂದ ಇಳಿಸಿ, ಸ್ಟ್ಯಾಂಡ್ ಮೇಲೆ ಛತ್ರಿ ಹಾಕಿ, ಮಂಟಪದ ಒಂದು ಮೂಲೆಯಲ್ಲಿ ನಿಲ್ಲಿಸುತ್ತೇವೆ.

ಇಳಿಸುವ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಗೊಡಾಕ್ಸ್ ಥರದ ಕಂಪನಿಗಳು ಒಂದೇ ಫ್ಲ್ಯಾಷನ್ನು ಕ್ಯಾನನ್‌ಗೆ ಸಿ, ನಿಕಾನ್‌ಗೆ ಎನ್, ಸೋನಿಗೆ ಎಸ್ ಅಂತ ಬೇರೆ ಬೇರೆ ಪಾದ ಹಾಕಿ ಮಾರುತ್ತವೆ. ಕ್ಯಾಮೆರಾ ತಲೆ ಮೇಲೆ ಕೂರಿಸುವಾಗ ಈ ಅಕ್ಷರ ತಪ್ಪಿದರೆ ಟಿಟಿಎಲ್ ಬರಲ್ಲ. ಆದರೆ ದೂರದಲ್ಲಿ ನಿಲ್ಲಿಸಿ ರೇಡಿಯೊದಿಂದ ಹೊಡೆಸುವಾಗ ಸಿ ಆದರೇನು, ಎಸ್ ಆದರೇನು, ಕ್ಯಾಮೆರಾ ಮೇಲಿನ ಟ್ರಿಗರ್ (ರೇಡಿಯೊ ಸಂಕೇತ ಕಳಿಸುವ ಡಬ್ಬಿ) ಸರಿ ಇದ್ದರೆ ಸಾಕು. ನಾವು ಕ್ಯಾನನ್‌ನಿಂದ ಸೋನಿಗೆ ಬಂದಾಗ ಹಳೆಯ ಫ್ಲ್ಯಾಷ್ ಒಂದನ್ನೂ ಮಾರಲಿಲ್ಲ, ಟ್ರಿಗರ್ ಮಾತ್ರ ಹೊಸದು ತಂದೆವು. ಕಂಪನಿಯದೇ ಫ್ಲ್ಯಾಷ್ ಕೆಟ್ಟದ್ದು ಅಂತ ಅಲ್ಲ. ಆದರೆ ಅದೇ ದುಡ್ಡಿನಲ್ಲಿ ಇಂಥವು ಎರಡು ಬರುತ್ತವೆ, ಮದುವೆಯಲ್ಲಿ ಒಂದಕ್ಕಿಂತ ಎರಡು ಬೆಳಕು ಯಾವಾಗಲೂ ಮೇಲು.

ಡಿಎಸ್‌ಎಲ್‌ಆರ್‌ನಿಂದ ಮಿರರ್‌ಲೆಸ್‌ಗೆ ಬಂದವರು ಇನ್ನೆರಡು ವಿಷಯಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ಹಳೆಯ ಫ್ಲ್ಯಾಷ್ ಕತ್ತಲಲ್ಲಿ ಫೋಕಸ್‌ಗೆ ಅಂತ ಬಿಡುತ್ತಿದ್ದ ಕೆಂಪು ಗೆರೆಗಳು ಸಾಮಾನ್ಯವಾಗಿ ಮಿರರ್‌ಲೆಸ್‌ಗೆ ಕೆಲಸಕ್ಕೆ ಬರಲ್ಲ. ಫೋಕಸ್ ಈಗ ಸೆನ್ಸರ್ ಮೇಲೇ ನಡೆಯುತ್ತದೆ. ಮುಂದೆ ಸಣ್ಣ ಎಲ್‌ಇಡಿ ದೀಪ ಇರುವ ಫ್ಲ್ಯಾಷ್ ಆದರೆ ರಿಸೆಪ್ಷನ್ ಹಾಲಿನಲ್ಲಿ ಲೈಟ್ ಆರಿಸಿದಾಗ ಅನುಕೂಲ. ಇನ್ನೊಂದು, ಸ್ಟುಡಿಯೊದಲ್ಲಿ ಎಫ್/8, ಐಎಸ್‌ಒ 100 ಇಟ್ಟರೆ ವ್ಯೂಫೈಂಡರ್ ಪೂರ್ತಿ ಕಪ್ಪು. ಫ್ಲ್ಯಾಷ್ ಬೆಳಕು ಬರುತ್ತದೆ ಅಂತ ಅದಕ್ಕೆ ಗೊತ್ತಿರಲ್ಲ. ಸೋನಿಯಲ್ಲಿ "ಸೆಟ್ಟಿಂಗ್ ಎಫೆಕ್ಟ್" ಆಫ್ ಮಾಡಬೇಕು, ಕ್ಯಾನನ್‌ನಲ್ಲಿ "ಎಕ್ಸ್‌ಪೋಶರ್ ಸಿಮ್ಯುಲೇಶನ್".

ಮನೆಯಲ್ಲಿ ಅಪ್ಪನದೋ ಮಾವನದೋ ಹಳೆಯ ಫ್ಲ್ಯಾಷ್ ಇದ್ದರೆ ಹೊಸ ಕ್ಯಾಮೆರಾ ಮೇಲೆ ಸುಮ್ನೆ ಕೂರಿಸಿಬಿಡಬೇಡಿ. ಫಿಲ್ಮ್ ಕಾಲದ ಕೆಲವು ಫ್ಲ್ಯಾಷ್‌ಗಳು ಶೂ ಪಿನ್ನಿಗೆ ನೂರಾರು ವೋಲ್ಟ್ ಬಿಡುತ್ತವೆ. ಈಗಿನ ಅಂತರರಾಷ್ಟ್ರೀಯ ಮಾನದಂಡ 24 ವೋಲ್ಟ್. ಕ್ಯಾಮೆರಾ ಒಳಗಿನ ಸರ್ಕ್ಯೂಟ್ ಸುಟ್ಟರೆ ರಿಪೇರಿ ಬಿಲ್ಲು ಹೊಸ ಫ್ಲ್ಯಾಷಿಗಿಂತ ಜಾಸ್ತಿ. ನಮ್ಮ ಮಾವನವರ ಪಕ್ಕದ ಹಿಡಿಯ ದೊಡ್ಡ ಮೆಟ್ಜ್ ಈಗ ಶೋಕೇಸಿನಲ್ಲಿದೆ. ಹಿರಿಯ ಗಿರಾಕಿಗಳು ಗುರುತು ಹಿಡಿದು ನಗುತ್ತಾರೆ.

ಈಗ ನನ್ನ ಕೋರಿಕೆ. ನಿಮ್ಮ ಪತ್ರಿಕೆಯಲ್ಲಿ ಮುಂದೆ ಕ್ಯಾಮೆರಾ ಪಟ್ಟಿ ಹಾಕುವಾಗ ಫ್ಲ್ಯಾಷ್‌ಗೂ ಒಂದು ಕಾಲಂ ಕೊಡಿ. ಹೊರಗಿನ ಫ್ಲ್ಯಾಷ್ ಹೊಡೆಯುತ್ತದೋ ಇಲ್ಲವೋ, ಯಾವ ಶಟರ್ ಸ್ಪೀಡಿನ ತನಕ, ಶೂನಲ್ಲಿ ನಡುವಿನ ಪಿನ್ ಇದೆಯೋ ಇಲ್ಲವೋ, ಇಷ್ಟು ಬರೆದರೆ ಸಾಕು. ಕ್ಯಾಮೆರಾ ಮಾರುವ ಅಂಗಡಿಯವರೂ ಓದುತ್ತಿದ್ದರೆ ಅವರಿಗೂ ಒಂದು ಮಾತು. ಗಿರಾಕಿ ಕ್ಯಾಮೆರಾ, ಫ್ಲ್ಯಾಷ್ ಎರಡನ್ನೂ ಕೇಳಿದಾಗ ಬಿಲ್ ಹರಿಯುವ ಮೊದಲು ಅಲ್ಲೇ ಕೂರಿಸಿ ಒಂದು ಫೋಟೊ ತೆಗೆದು ತೋರಿಸಿ. ಒಂದು ನಿಮಿಷದ ಕೆಲಸ. ಕೊಳ್ಳುವವರೂ ತೋರಿಸದೆ ದುಡ್ಡು ಕೊಡಬೇಡಿ.

ನಿಮ್ಮ ಲೇಖಕರು ಬೇಕಾದರೆ ತಿಪಟೂರಿಗೆ ಬರಲಿ. ನಮ್ಮಲ್ಲೂ ಅಕ್ಕಪಕ್ಕದ ಸ್ಟುಡಿಯೊಗಳಲ್ಲೂ ಸೇರಿ ಎಲ್ಲ ಕಂಪನಿಯ ಬಾಡಿಗಳೂ ಸಿಗುತ್ತವೆ, ಒಂದೊಂದಾಗಿ ಕೂರಿಸಿ ನೋಡಬಹುದು. ಆಷಾಢದಲ್ಲಿ ಬಂದರೆ ಒಳ್ಳೆಯದು, ಆಗ ನಮಗೆ ಮದುವೆ ಕೆಲಸ ಇರಲ್ಲ.

ಇತಿ,
ಸ್ಟುಡಿಯೊ ನಡೆಸುವ ಒಬ್ಬ ಓದುಗಿ,
ತಿಪಟೂರು