ಪುಟ್ಟಿ ಮರೆತುಬಿಡುತ್ತಾಳೆ ಎಂಬ ನಿನ್ನ ಭಯ

ಚಿರಂಜೀವಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ತಲುಪಿತು. ಆ ಮನೆಯೊಳಗೆ ನಿನ್ನ ಹೆಂಡತಿ ನಿನ್ನ ಮೇಲೆ ಕೈ ಮಾಡುತ್ತಿದ್ದಾಳೆ ಎಂಬುದು ನಮ್ಮಿಬ್ಬರಿಗೂ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆದು ಗಾಯ ಕೆದಕುವುದಿಲ್ಲ. ಆದರೆ ಕೊನೆಯ ಪುಟದ ಒಂದು ಮಾತು ನನ್ನ ನಿದ್ದೆ ಕೆಡಿಸಿದೆ. ‘ಪೆಟ್ಟು ತಿಂದುಕೊಂಡಾದರೂ ಇಲ್ಲೇ ಇರುತ್ತೇನೆ, ಹೊರಗೆ ಕಾಲಿಟ್ಟರೆ ಪುಟ್ಟಿ ನನ್ನನ್ನು ಮರೆತುಬಿಡುತ್ತಾಳೆ’ ಎಂದು ಬರೆದಿದ್ದೀಯ.

ಮಗು ಅಪ್ಪನನ್ನು ಮರೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನಗೆ ಸ್ವಲ್ಪ ಇದೆ. ನಿನ್ನ ತಾತ ಮನೆ ಬಿಟ್ಟು ಭದ್ರಾವತಿಗೆ ಹೋದದ್ದನ್ನು ನಿನ್ನ ಅಮ್ಮ ಹೇಳಿರುತ್ತಾಳೆ. ಆಗ ಏಳು ವರ್ಷದವನಾಗಿದ್ದ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ಅಪ್ಪ ತಿಂಗಳು ತಿಂಗಳು ಮನಿಯಾರ್ಡರ್ ಕಳುಹಿಸುತ್ತಿದ್ದರು. ಆ ಫಾರಮಿನ ಚೀಟಿಯಲ್ಲಿ ಸಂದೇಶಕ್ಕೆಂದು ಇದ್ದ ಪುಟ್ಟ ಜಾಗದಲ್ಲಿ ‘ಮಗ್ಗಿ ಎಷ್ಟರವರೆಗೆ ಬಂತು’, ‘ಜ್ವರ ಬಿಟ್ಟಿತೇ’ ಎಂದು ನನಗಾಗಿ ಒಂದು ಸಾಲು ಇರುತ್ತಿತ್ತು. ಅಂಚೆಯವನು ನೋಟು ಎಣಿಸುವಾಗ ನನ್ನ ಕಣ್ಣೆಲ್ಲ ಆ ಚೀಟಿಯ ಮೇಲೆ. ಅವರ ಮುಖ ನಿಧಾನವಾಗಿ ಮಸುಕಾಯಿತು, ನಿನ್ನಿಂದ ಅದನ್ನೇಕೆ ಮುಚ್ಚಿಡಲಿ. ಆದರೆ ನನ್ನನ್ನು ಕೇಳುವ ಅಪ್ಪ ಒಬ್ಬರಿದ್ದಾರೆ ಎಂಬ ನಂಬಿಕೆ ಒಂದು ದಿನವೂ ಮಸುಕಾಗಲಿಲ್ಲ. ನಾನು ಹೈಸ್ಕೂಲು ಸೇರಿದ ಮೇಲೆ ಹಣ ಬರುತ್ತಿತ್ತು, ಸಾಲು ಬರುತ್ತಿರಲಿಲ್ಲ. ನಮ್ಮ ಕಡೆಯಿಂದ ಉತ್ತರ ಕಾಣದೆ ಸೋತರೋ ಏನೋ. ಅವರು ಹೋದದ್ದಕ್ಕಿಂತ ಆ ಖಾಲಿ ಚೀಟಿಗಳೇ ನನ್ನನ್ನು ಹೆಚ್ಚು ನೋಯಿಸಿದವು. ಏಕೆ ನಿಲ್ಲಿಸಿದಿರಿ ಎಂದು ಅವರು ಇರುವಾಗಲೇ ಕೇಳಲಾಗಲಿಲ್ಲವಲ್ಲ ಎಂಬ ಕೊರಗು ಈ ವಯಸ್ಸಿನಲ್ಲೂ ಇದೆ.

ಪುಟ್ಟಿಗೆ ಆರು ತುಂಬಿದೆ. ನೀನು ಸಾಲು ನಿಲ್ಲಿಸದಿದ್ದರೆ ಅವಳು ಮರೆಯುವುದಿಲ್ಲ. ಆದರೆ ಪಕ್ಕದ ಕೋಣೆಯಲ್ಲಿ ತಟ್ಟೆ ಒಡೆದ ಸದ್ದು, ಬೆಳಿಗ್ಗೆ ಅಪ್ಪನ ಊದಿದ ಕೆನ್ನೆ, ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂಬ ಸುಳ್ಳು, ಇವೂ ಅವಳ ನೆನಪಿಗೆ ಸೇರುತ್ತಿವೆ ಎಂಬುದನ್ನು ಯೋಚಿಸಿದ್ದೀಯಾ?

ಕೋರ್ಟಿನ ಕಡತಗಳ ನಡುವೆ ನೌಕರಿ ಮುಗಿಸಿದೆನೇ ಹೊರತು ನಾನು ವಕೀಲನಲ್ಲ. ಮುಂದಿನದನ್ನೆಲ್ಲ ಒಳ್ಳೆಯ ವಕೀಲರ ಮುಂದಿಟ್ಟು ವಿಚಾರಿಸಿಕೋ. ಕೌಟುಂಬಿಕ ದೌರ್ಜನ್ಯದ 2005ರ ಕಾಯ್ದೆಯಲ್ಲಿ ಗಂಡ ರಕ್ಷಣೆ ಬೇಡಿ ಅರ್ಜಿ ಹಾಕಲು ಅವಕಾಶವಿಲ್ಲ. ಹೆಣ್ಣುಮಕ್ಕಳು ಪಟ್ಟ ಪಾಡಿನಿಂದ ಹುಟ್ಟಿದ ಕಾಯ್ದೆ ಅದು, ಅದರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ನಿನ್ನಂಥವನಿಗೆ ಆ ಬಾಗಿಲು ತೆರೆಯುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಮು ವಿಚ್ಛೇದನಕ್ಕೆ ಕಾರಣವೆಂದು ಹೇಳುವ ಕ್ರೌರ್ಯ ಮಾತ್ರ ಗಂಡ ಹೆಂಡತಿ ಇಬ್ಬರಿಗೂ ಅನ್ವಯಿಸುತ್ತದೆ; ವಿಚ್ಛೇದನ ಬೇಡವೆನಿಸಿದರೆ ನ್ಯಾಯಿಕ ಪ್ರತ್ಯೇಕತೆಯನ್ನೂ, ಅಂದರೆ ಮದುವೆ ಮುರಿಯದೆ ಕೋರ್ಟಿನ ಆದೇಶದ ಮೇಲೆ ಬೇರೆ ಇರುವುದನ್ನೂ, ಕೇಳಬಹುದು.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಹಿಂದೂ ಮಕ್ಕಳ ಪೋಷಕತ್ವದ 1956ರ ಕಾಯ್ದೆ ಹೇಳುತ್ತದೆ. ಪುಟ್ಟಿ ಆ ವಯಸ್ಸು ದಾಟಿದ್ದಾಳೆ, ಇನ್ನು ಕೋರ್ಟು ನೋಡುವುದು ಮಗುವಿನ ಹಿತವನ್ನು. ಆದರೂ ಹೆಣ್ಣುಮಗುವನ್ನು ತಾಯಿಗೇ ಒಪ್ಪಿಸಿದ ಆದೇಶಗಳನ್ನೇ ನಾನು ಹೆಚ್ಚು ಕಂಡಿದ್ದೇನೆ, ಸುಳ್ಳು ಭರವಸೆ ಕೊಡಲಾರೆ. ಹಾಗಾದರೂ ಭೇಟಿಯ ದಾರಿ ಮುಚ್ಚುವುದಿಲ್ಲ. ಯಶಿತಾ ಸಾಹು ಪ್ರಕರಣದ 2020ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತಂದೆ ತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಎಂದಿದೆ; ಮಗು ಯಾರ ಬಳಿ ಇಲ್ಲವೋ ಅವರಿಗೆ ಭೇಟಿಯ ಜೊತೆಗೆ ಫೋನು, ವಿಡಿಯೋ ಕರೆಯ ಮೂಲಕ ಮಾತನಾಡುವ ಅವಕಾಶವೂ ಇರಬೇಕೆಂದಿದೆ. ಪ್ರಕರಣ ಮುಗಿಯುವವರೆಗೆ ಕಾಯಬೇಕಿಲ್ಲ, ಮಧ್ಯಂತರ ಅರ್ಜಿಯಲ್ಲೇ ಇದನ್ನು ಕೇಳಬಹುದು. ನಿನ್ನ ತಾತನ ಕಾಲಕ್ಕೆ ಕೌಟುಂಬಿಕ ನ್ಯಾಯಾಲಯವೇ ಇರಲಿಲ್ಲ, ಅದರ ಕಾಯ್ದೆ ಬಂದದ್ದು 1984ರಲ್ಲಿ. ಅವರಿಗೆ ಇಂಥದ್ದನ್ನು ಹೇಳುವವರೂ ಇರಲಿಲ್ಲ.

ಇನ್ನೂ ಒಂದೆರಡು ಮಾತು ಹೇಳುತ್ತೇನೆ, ಉಪದೇಶವೆಂದುಕೊಳ್ಳಬೇಡ. ಮುಂದಿನ ಸಲ ಪೆಟ್ಟಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ನಡೆದಂತೆಯೇ ಹೇಳಿ ಎಂಎಲ್‌ಸಿ, ಅಂದರೆ ಪೊಲೀಸರಿಗೂ ಕೋರ್ಟಿಗೂ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ, ಬರೆಸು. ಸಾಧಾರಣ ಗಾಯವಾದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ದೂರು ಬಂದದ್ದಕ್ಕೆ ಎನ್‌ಸಿಆರ್ ಎಂಬ ದಾಖಲೆಯನ್ನಷ್ಟೇ ಬರೆದುಕೊಳ್ಳುತ್ತಾರೆ. ಅದನ್ನು ಹಗುರವೆಂದುಕೊಳ್ಳದೆ ಅದರ ಪ್ರತಿ ಇಟ್ಟುಕೋ. ಪುಟ್ಟಿಯ ಶಾಲೆಯ ಫೀಸು ನಿನ್ನ ಖಾತೆಯಿಂದಲೇ ಹೋಗಲಿ. ಎಷ್ಟೇ ಕೆರಳಿಸಿದರೂ ನಿನ್ನ ಕೈ ಮೇಲೇಳದಿರಲಿ, ಹಾಗೆಯೇ ಮಗುವನ್ನು ಯಾರಿಗೂ ಹೇಳದೆ ಎತ್ತಿಕೊಂಡು ಹೊರಡಬೇಡ. ಉಚಿತ ಕಾನೂನು ನೆರವಿನ 15100ಕ್ಕೆ ಕರೆ ಮಾಡಿ ವಿಚಾರಿಸು, ಆದರೆ ಗಂಡಸರಿಗೆ ಅಲ್ಲಿ ಸಾಮಾನ್ಯವಾಗಿ ವರಮಾನದ ಮಿತಿ ಇರುವುದರಿಂದ ನಿನ್ನ ಸಂಬಳ ನೋಡಿದರೆ ಉಚಿತ ವಕೀಲರು ಸಿಗಲಿಕ್ಕಿಲ್ಲ. ರಾತ್ರಿ ಎದೆ ಭಾರವಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸದ 14416ಕ್ಕೆ ಕರೆ ಮಾಡಿ ಮಾತನಾಡು, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಮಗು.

ನಿನ್ನ ಹೆಂಡತಿಯನ್ನು ಕೆಟ್ಟವಳೆಂದು ನಾನು ಬರೆಯಲಾರೆ, ಅವಳಿಗೂ ವೈದ್ಯರ ನೆರವು ಬೇಕಿರಬಹುದು. ಆದರೆ ಅದನ್ನು ಸರಿಪಡಿಸುವ ಹೊಣೆಯನ್ನು ನಿನ್ನ ಮೈಮೇಲಿನ ಪೆಟ್ಟುಗಳು ಹೊರಬೇಕಿಲ್ಲ.

ಬರುವ ವಾರ ನಾನೇ ಬೆಂಗಳೂರಿಗೆ ಬರುತ್ತೇನೆ, ವಕೀಲರ ಬಳಿಗೆ ಇಬ್ಬರೂ ಹೋಗೋಣ. ಅದಕ್ಕೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ನಿನ್ನ ಪತ್ರದಲ್ಲಿ ಎಲ್ಲಿಯೂ ಇಲ್ಲದ ವಿಷಯ, ಕೇಳಲು ಕೈ ನಡುಗುತ್ತಿದೆ: ಅವಳ ಕೈ ಪುಟ್ಟಿಯ ಮೇಲೆ ಎಂದಾದರೂ ಎದ್ದಿದೆಯೇ? ಎದ್ದಿದ್ದರೆ ನನ್ನ ದಾರಿ ಕಾಯಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಕೂಡಲೇ ತಿಳಿಸು, ಆಮೇಲೆ ಎಷ್ಟು ಹೊತ್ತಾಗಿದ್ದರೂ ನನಗೆ ಫೋನು ಮಾಡು.

ಇಂತಿ,
ನಿನ್ನ ಮಾವ