ಬೋಫರ್ಟ್ ಮನೆತನ: 1397ರ ಶಾಸನವನ್ನು ಮರೆಯದಿರೋಣ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಟ್ಯೂಡರ್ ಅರಸರ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಏಳನೆಯ ಹೆನ್ರಿಯ ತಾಯಿಯ ಮನೆತನವಾದ ಬೋಫರ್ಟರನ್ನು ‘ಹಾದರದ ಸಂತತಿ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿ, ಆ ಕಾರಣಕ್ಕಾಗಿ ಅವನಿಗೆ ಸಿಂಹಾಸನದ ಮೇಲೆ ಯಾವ ಹಕ್ಕೂ ಇರಲಿಲ್ಲವೆಂದು ತೀರ್ಮಾನಿಸಿರುವುದನ್ನು ಒಪ್ಪಲಾಗದು. ಅದು 1485ರಲ್ಲಿ ಆಗಿನ ಅರಸ ಮೂರನೆಯ ರಿಚರ್ಡ್ ತನ್ನ ಎದುರಾಳಿಯಾದ ಇದೇ ಹೆನ್ರಿ ಟ್ಯೂಡರನ ವಿರುದ್ಧ ಹೊರಡಿಸಿದ ಘೋಷಣೆಯಲ್ಲಿದ್ದ ಆರೋಪ. ಎದುರಾಳಿಯ ಆರೋಪವನ್ನೇ ಇತಿಹಾಸದ ತೀರ್ಪೆಂದು ಅಚ್ಚು ಹಾಕುವ ಮುನ್ನ ದಾಖಲೆಗಳನ್ನು ನೋಡಬೇಕಿತ್ತು.

ಮೂರನೆಯ ಎಡ್ವರ್ಡನ ಮಗ, ಲ್ಯಾಂಕಾಸ್ಟರಿನ ಡ್ಯೂಕ್ ಜಾನ್ ಆಫ್ ಗಾಂಟ್ ಮತ್ತು ಅವನ ಹೆಣ್ಣುಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಕ್ಯಾಥರೀನ್ ಸ್ವಿನ್‌ಫರ್ಡ್ ಇವರಿಗೆ ಜಾನ್, ಹೆನ್ರಿ, ಥಾಮಸ್, ಜೋನ್ ಎಂಬ, ಬೋಫರ್ಟ್ ಮನೆಹೆಸರಿನ ನಾಲ್ವರು ಮಕ್ಕಳು ಹುಟ್ಟಿದಾಗ ಡ್ಯೂಕನ ಎರಡನೆಯ ಹೆಂಡತಿ, ಕ್ಯಾಸ್ಟೀಲಿನ ಕಾನ್‌ಸ್ಟನ್ಸ್, ಬದುಕಿದ್ದಳೆಂಬುದು ನಿಜ. ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಆದರೆ ಆಕೆ 1394ರಲ್ಲಿ ತೀರಿಕೊಂಡ ಮೇಲೆ, ರಾಜ್ಯದ ಅತ್ಯಂತ ಸಿರಿವಂತ ಶ್ರೀಮಂತನಾಗಿದ್ದ ಗಾಂಟ್ ಬೇರೊಂದು ರಾಜಕುಮಾರಿಯನ್ನು ಹುಡುಕಲಿಲ್ಲ. 1396ರ ಜನವರಿಯಲ್ಲಿ ಲಿಂಕನ್ ನಗರದಲ್ಲಿ ಅವನು ಕ್ಯಾಥರೀನಳನ್ನೇ ವಿಧಿವತ್ತಾಗಿ ಮದುವೆಯಾದ. ಆಸ್ಥಾನದ ದೊಡ್ಡ ಮನೆತನಗಳ ಹೆಂಗಸರು ಮೂಗು ಮುರಿದರಾದರೂ ಅದೇ ವರ್ಷ ಪೋಪ್ ಒಂಬತ್ತನೆಯ ಬೋನಿಫೇಸ್ ಆ ಮದುವೆಯನ್ನೂ ಮಕ್ಕಳನ್ನೂ ಮಾನ್ಯಮಾಡಿದರು. ಪೋಪರ ಮಾತು ಚರ್ಚಿಗೆ ಸಾಕಾಗಿತ್ತು, ಇಂಗ್ಲೆಂಡಿನ ನ್ಯಾಯಾಲಯಗಳಿಗೆ ಸಾಕಾಗುತ್ತಿರಲಿಲ್ಲ; ಏಕೆಂದರೆ ಮದುವೆಗೆ ಮೊದಲು ಹುಟ್ಟಿದವರು ತಂದೆತಾಯಿಯ ಆಮೇಲಿನ ಮದುವೆಯಿಂದ ವಾರಸುದಾರರಾಗಲಾರರೆಂಬ ನಿಯಮವನ್ನು ಅಲ್ಲಿನ ಶ್ರೀಮಂತರು 1236ರಲ್ಲೇ ಮರ್ಟನ್ ಸಭೆಯಲ್ಲಿ ಹಟ ಹಿಡಿದು ಉಳಿಸಿಕೊಂಡಿದ್ದರು. ಆದ್ದರಿಂದಲೇ 1397ರ ಫೆಬ್ರವರಿಯಲ್ಲಿ ಆಗಿನ ಅರಸ ಎರಡನೆಯ ರಿಚರ್ಡ್ ತನ್ನ ರಾಜಾಜ್ಞೆಯನ್ನು ಪಾರ್ಲಿಮೆಂಟಿನಲ್ಲಿ ಓದಿಸಿ, ಈ ನಾಲ್ವರು ಔರಸ ಮಕ್ಕಳಂತೆಯೇ ಎಲ್ಲ ಪದವಿ, ಗೌರವ, ಆಸ್ತಿಗಳಿಗೆ ಅರ್ಹರೆಂದು ಸಾರಿದನು. ಅದರಲ್ಲಿ ಸಿಂಹಾಸನವನ್ನು ಹೊರಗಿಡುವ ಮಾತು ಎಲ್ಲಿಯೂ ಇರಲಿಲ್ಲ.

ಆ ಮಾತು ಬಂದದ್ದು ಹತ್ತು ವರ್ಷಗಳ ನಂತರ. 1407ರಲ್ಲಿ ಆ ಶಾಸನವನ್ನು ದೃಢೀಕರಿಸಿಕೊಡುವಂತೆ ಜಾನ್ ಬೋಫರ್ಟ್ ಕೇಳಿಕೊಂಡಾಗ, ನಾಲ್ಕನೆಯ ಹೆನ್ರಿ, ಅಂದರೆ ಇವರದೇ ಮಲಸಹೋದರ, ದೃಢೀಕರಣವನ್ನೇನೋ ಕೊಟ್ಟ. ಆದರೆ ಸರ್ಕಾರಿ ದಫ್ತರದ ಸುರುಳಿಯಲ್ಲಿ, ಪದವಿಗಳನ್ನು ಹೆಸರಿಸುವ ಜಾಗದಲ್ಲಿ, ಬರೆದಾಗಿದ್ದ ಎರಡು ಸಾಲುಗಳ ನಡುವಿನ ಸಂದಿಯಲ್ಲಿ ‘ರಾಜಪದವಿಯೊಂದನ್ನು ಬಿಟ್ಟು’ ಎಂಬರ್ಥದ ಮೂರು ಲ್ಯಾಟಿನ್ ಪದಗಳು ಸೇರಿಕೊಂಡವು. ಪಾರ್ಲಿಮೆಂಟಿನಲ್ಲಿ ಓದಿ ಒಪ್ಪಿಸಿದ ಶಾಸನವನ್ನು ಪಾರ್ಲಿಮೆಂಟನ್ನು ಕೇಳದೆಯೇ ಒಬ್ಬ ಅರಸ ಹೀಗೆ ಮೊಟಕುಗೊಳಿಸಬಹುದೇ ಎಂಬುದು ಕಾನೂನು ಬಲ್ಲವರು ಇಂದಿಗೂ ಚರ್ಚಿಸುವ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಆ ಸೇರ್ಪಡೆಗೆ ಮೂಲ ಶಾಸನವನ್ನು ಮೀರುವ ಬಲವಿಲ್ಲ. ಇದನ್ನು ಒಪ್ಪದವರೂ ಇದ್ದಾರೆ. ಆದರೆ ಇಂಥ ತಕರಾರೊಂದು ಇದೆಯೆಂಬುದನ್ನೇ ಲೇಖನ ಓದುಗರಿಗೆ ಹೇಳಲಿಲ್ಲ.

ಇನ್ನೂ ಒಂದು ಸಂಗತಿ ಬಿಟ್ಟುಹೋಗಿದೆ. ಕ್ಯಾಥರೀನಳ ಮಗಳು ಜೋನ್ ಬೋಫರ್ಟಳ ಮಗಳೇ ಸಿಸಿಲಿ ನೆವಿಲ್. ಆ ಸಿಸಿಲಿಯ ಮಗನೇ ಮೂರನೆಯ ರಿಚರ್ಡ್. ಬೋಫರ್ಟರ ರಕ್ತವನ್ನು ಹೀಗಳೆದ ಅರಸ ಸ್ವತಃ ಕ್ಯಾಥರೀನಳ ಮರಿಮಗನಾಗಿದ್ದ.

ಕಿರೀಟಕ್ಕಾಗಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ವಂಶಗಳ ನಡುವೆ ನಡೆದ ಗುಲಾಬಿ ಕದನಗಳಲ್ಲಿ ಈ ಮನೆತನ ತೆತ್ತ ಬೆಲೆ ಸಣ್ಣದಲ್ಲ. ಜಾನ್ ಬೋಫರ್ಟನ ಮಗ, ಸಾಮರ್‌ಸೆಟ್ಟಿನ ಡ್ಯೂಕ್ ಎಡ್ಮಂಡ್ 1455ರಲ್ಲಿ ಸೇಂಟ್ ಆಲ್ಬನ್ಸ್‌ನಲ್ಲಿ ಮಡಿದ. ಅವನ ಮಗ ಹೆನ್ರಿಯ ತಲೆ 1464ರಲ್ಲಿ ಹೆಕ್ಸಮ್‌ನಲ್ಲಿ, ಇನ್ನೊಬ್ಬ ಮಗ ಎಡ್ಮಂಡನ ತಲೆ 1471ರಲ್ಲಿ ಟ್ಯೂಕ್ಸ್‌ಬರಿಯಲ್ಲಿ ಉರುಳಿತು. ಉಳಿದವಳು ಅವರ ದೊಡ್ಡಪ್ಪನ ಮಗಳು ಮಾರ್ಗರೆಟ್. ಹನ್ನೆರಡನೆಯ ವಯಸ್ಸಿಗೇ ಎಡ್ಮಂಡ್ ಟ್ಯೂಡರನಿಗೆ ಮದುವೆ ಮಾಡಿಕೊಟ್ಟ ಆ ಹುಡುಗಿ, ಗಂಡ ಸತ್ತು ಸುಮಾರು ಮೂರು ತಿಂಗಳಾದ ಮೇಲೆ, 1457ರ ಜನವರಿಯ ಚಳಿಯಲ್ಲಿ ವೇಲ್ಸಿನ ಪೆಂಬ್ರೋಕ್ ಕೋಟೆಯಲ್ಲಿ ಮುಂದೆ ಏಳನೆಯ ಹೆನ್ರಿಯಾದ ಮಗನನ್ನು ಹೆತ್ತಳು. ಆಗ ಅವಳಿಗೆ ಹದಿಮೂರು ವರ್ಷ; ಮುಂದೆ ಎರಡು ಬಾರಿ ಮದುವೆಯಾದರೂ ಬೇರೆ ಮಕ್ಕಳಾಗಲಿಲ್ಲ. ಕೇಂಬ್ರಿಜ್‌ನಲ್ಲಿ ಎರಡು ಕಾಲೇಜುಗಳಿಗೆ ಕಾರಣಳಾದ ಈ ಹೆಂಗಸು ಲೇಖನದಲ್ಲಿ ಅರ್ಧ ಸಾಲಿಗೆ ಮುಗಿದುಹೋಗಿರುವುದು ನನಗೆ ಬೇಸರ ತಂದಿತು.

ಹೆನ್ರಿ ಟ್ಯೂಡರನ ಹಕ್ಕು ದುರ್ಬಲವಾಗಿತ್ತೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಅವನಿಗೆ ಹಕ್ಕು ಬರಬೇಕಾಗಿದ್ದ ತಾಯಿಯೇ ಬದುಕಿದ್ದಳು, ಯಾರ್ಕ್ ವಂಶದವರೂ ಇದ್ದರು. ಬಾಸ್‌ವರ್ತ್ ಕದನದಲ್ಲಿ ಅವನು ರಿಚರ್ಡನನ್ನು ಗೆದ್ದ ಮೇಲೆ 1485ರ ಪಾರ್ಲಿಮೆಂಟು ಕೂಡ ವಂಶಾವಳಿಯ ಗೋಜಿಗೆ ಹೋಗದೆ, ಕಿರೀಟ ಅವನಲ್ಲಿಯೂ ಅವನ ಸಂತತಿಯಲ್ಲಿಯೂ ನೆಲೆಸಲಿ ಎಂದಷ್ಟೇ ಹೇಳಿತು.

ರಕ್ತಶುದ್ಧಿಯ ಮಾತೆತ್ತುವವರು ಈಚಿನ ಒಂದು ಸಂಶೋಧನೆಯನ್ನೂ ಗಮನಿಸಬೇಕು. ಹೆಕ್ಸಮ್‌ನಲ್ಲಿ ತಲೆ ಕಳೆದುಕೊಂಡ ಹೆನ್ರಿಗೆ ಮದುವೆಯಿಲ್ಲದೆ ಹುಟ್ಟಿದ ಮಗ ಚಾರ್ಲ್ಸ್ ಸಾಮರ್‌ಸೆಟ್‌ನ ವಂಶದವರೇ ಇಂದಿನ ಬೋಫರ್ಟ್ ಡ್ಯೂಕರು. ನಮ್ಮ ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಆಟಕ್ಕೆ ಹೆಸರು ಬಂದದ್ದು ಇವರ ಬ್ಯಾಡ್ಮಿಂಟನ್ ಬಂಗಲೆಯಿಂದ. ವಂಶಾವಳಿಯ ಪ್ರಕಾರ ಇವರೂ ಮೂರನೆಯ ರಿಚರ್ಡನೂ ಮೂರನೆಯ ಎಡ್ವರ್ಡನ ಗಂಡು ಸಂತತಿಯವರಾದ್ದರಿಂದ, ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೋಸೋಮು ಎರಡೂ ಕಡೆ ಒಂದೇ ಇರಬೇಕು. ಆದರೆ 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಜಾಗದಡಿ ಸಿಕ್ಕ ರಿಚರ್ಡನ ಅಸ್ಥಿಯ ವೈ ಕ್ರೋಮೋಸೋಮನ್ನು ಐದನೆಯ ಬೋಫರ್ಟ್ ಡ್ಯೂಕನ ಗಂಡು ಸಂತತಿಯ ಐವರದಕ್ಕೆ ಹೋಲಿಸಿದಾಗ ಅದು ಹೊಂದಲಿಲ್ಲವೆಂದು 2014ರಲ್ಲಿ ಪ್ರಕಟವಾಯಿತು. ಸರಪಳಿ ಕಡಿದದ್ದು ಬೋಫರ್ಟರ ಕವಲಿನಲ್ಲೋ ರಿಚರ್ಡನ ಕವಲಿನಲ್ಲೋ ಎಂಬುದನ್ನು ಆ ಪರೀಕ್ಷೆ ಹೇಳಲಾರದು.

ಲೇಖನಮಾಲೆಯ ಮುಂದಿನ ಕಂತಿನಲ್ಲಿ 1397ರ ಶಾಸನವನ್ನೂ 1407ರ ಸೇರ್ಪಡೆಯನ್ನೂ ಓದುಗರ ಮುಂದಿಡಬೇಕೆಂದೂ, ತಂದೆತಾಯಿಯ ನಡತೆಗಾಗಿ ಮಕ್ಕಳನ್ನು ಹಳಿಯುವ ‘ಹಾದರದ ಸಂತತಿ’ ಎಂಬ ಆ ಎರಡು ಪದಗಳನ್ನು ಹಿಂತೆಗೆದುಕೊಳ್ಳಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಇತಿಹಾಸದ ನಿವೃತ್ತ ಅಧ್ಯಾಪಕ, ಧಾರವಾಡ