ಕೇಪು ನೋಡಿ ಹಳೆ ಕೋವಿಯ ಒತ್ತಡ ಅಳೆಯಬೇಡಿ

ಮಾನ್ಯ ಸಂಪಾದಕರೇ,

ಕೈಲ್‌ಪೊಳ್ದ್ ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಅಜ್ಜನ ಕಾಲದ ಕೋವಿಗಳು ಹೊರಬರುತ್ತವೆ. ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆಗಿಟ್ಟರೆ ತೊಂದರೆಯಿಲ್ಲ. ಅದೇ ಕೋವಿಯನ್ನು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಒಯ್ದು, ಅದಕ್ಕೆ ಕೈಯಲ್ಲಿ ತುಂಬಿದ ತೋಟೆ ಹಾಕುವವರೂ ಇದ್ದಾರೆ. ಕೇಳಿದರೆ, ‘ಹೊಡೆದ ತೋಟೆಯ ಕೇಪು (ತಳದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆ) ಚಪ್ಪಟೆಯಾಗಿಲ್ಲ, ಒತ್ತಡ ಸರಿಯಾಗಿದೆ’ ಎನ್ನುತ್ತಾರೆ. ಈ ಲೆಕ್ಕ ಅಪಾಯದ್ದು.

ಕೇಪು ಚಪ್ಪಟೆಯಾಗುವುದು, ಹಿತ್ತಾಳೆ ಕೇಸಿನ (ತೋಟೆಯ ಹೊರಕವಚ) ತಳದಲ್ಲಿ ಹೊಳಪಿನ ಗುರುತು ಬೀಳುವುದು ಈಗಿನ ಬೋಲ್ಟ್ ರೈಫಲ್‌ಗಳಲ್ಲಿ ಕಾಣುವ ಲಕ್ಷಣ. ಸಾಮಾನ್ಯವಾಗಿ ಚದರ ಇಂಚಿಗೆ 60 ಸಾವಿರ ಪೌಂಡ್ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ ಇವು ಕಾಣಿಸಿಕೊಳ್ಳುತ್ತವೆ. ಕರಿಮದ್ದಿನ (ಹೊಗೆ ಕಾರುವ ಹಳೆಯ ಮದ್ದು) ಕಾಲದ ರೈಫಲ್‌ಗೆ ಅದರ ಅರ್ಧವೂ ಹೆಚ್ಚಾಯಿತು. ಚರೆ ಹಾರಿಸುವ 12 ಬೋರ್ ಕೋವಿಗೆ ಯುರೋಪಿನ ಸಾಮಾನ್ಯ ತೋಟೆಯ ಮಿತಿಯೇ 740 ಬಾರ್, ಅಂದರೆ ಸುಮಾರು 10,700 ಪೌಂಡ್. ಕೇಪು ಏನಾದರೂ ಹೇಳುವಷ್ಟರಲ್ಲಿ ನಳಿಗೆ ಒಡೆದಿರುತ್ತದೆ.

ಓದಬೇಕಾದ್ದು ಪ್ರೂಫ್ ಮುದ್ರೆಗಳನ್ನು, ಅಂದರೆ ಕೋವಿ ಎಷ್ಟು ಒತ್ತಡ ತಡೆಯುತ್ತದೆಂದು ಪರೀಕ್ಷಿಸಿ ಒತ್ತಿದ ಗುರುತುಗಳನ್ನು. ಮುಂಭಾಗದ ಮರ ಕಳಚಿ, ನಳಿಗೆ ಬೇರ್ಪಡಿಸಿ, ಚೇಂಬರಿನ (ತೋಟೆ ಕೂರುವ ಜಾಗ) ಅಡಿಯನ್ನು ಎಣ್ಣೆಬಟ್ಟೆಯಿಂದ ಒರೆಸಿದರೆ ಅವು ಕಾಣುತ್ತವೆ. ಇಂಗ್ಲೆಂಡಿನ ಕೋವಿಯಲ್ಲಿ ‘ಎನ್‌ಪಿ’ ಅಥವಾ ‘ನೈಟ್ರೋ ಪ್ರೂಫ್’ (ನೈಟ್ರೋ ಎಂದರೆ ಹೊಗೆರಹಿತ ಮದ್ದು) ಇಲ್ಲದಿದ್ದರೆ ಅದು ಕರಿಮದ್ದಿಗೆ ಮಾತ್ರ ಪರೀಕ್ಷೆಯಾದದ್ದು ಎಂದೇ ಹಿಡಿಯಬೇಕು. 1954ರ ನಿಯಮದ ನಂತರದವುಗಳಲ್ಲಿ ‘3 ಟನ್’, ‘3¼ ಟನ್’ ಎಂದಿರುತ್ತದೆ. ಇದನ್ನು ಒಂದು ಟನ್ನಿನ ಪೌಂಡ್‌ಗಳಾದ 2,240ರಿಂದ ಗುಣಿಸಿ ಈಗಿನ ತೋಟೆಯ ಅಂಕಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಆ ಟನ್ನು ತಾಮ್ರದ ತುಂಡು ಎಷ್ಟು ಜಜ್ಜಿತು ಎಂದು ಅಳೆದದ್ದು. ಈಗಿನ ಸೆನ್ಸರ್ ಅದೇ ತೋಟೆಗೆ ಹೆಚ್ಚಿನ ಅಂಕಿ ತೋರಿಸುತ್ತದೆ.

ಪ್ಲಾಂಟರ್‌ಗಳ ಕಾಲದ .450 ಜೋಡುನಳಿಗೆ ರೈಫಲ್‌ನಲ್ಲಿ ‘ಕಾರ್ಡೈಟ್ 70-480 ಮ್ಯಾಕ್ಸ್’ ಎಂಬ ಕೆತ್ತನೆ ಇದ್ದರೆ 70 ಗ್ರೇನ್ (ಮದ್ದು-ಗುಂಡಿನ ತೂಕದ ಅಳತೆ) ಕಾರ್ಡೈಟ್ ಎಂಬ ಹೊಗೆರಹಿತ ಮದ್ದು, 480 ಗ್ರೇನ್ ಗುಂಡು ಎಂದರ್ಥ. ಅದಕ್ಕೂ ಹಿಂದಿನ ಕರಿಮದ್ದಿನ ರೈಫಲ್‌ಗೂ 3¼ ಇಂಚಿನ ಇದೇ ಕೇಸು ಇತ್ತು. ಹಾಗಾಗಿ 1898ರಲ್ಲಿ ಬಂದ ನೈಟ್ರೋ ತೋಟೆ ಹಳೆಯದರಲ್ಲೂ ಸಲೀಸಾಗಿ ಕೂರುತ್ತದೆ; ಅಪಾಯ ಇರುವುದೇ ಅಲ್ಲಿ.

12 ಬೋರಿನಲ್ಲಿ ಚೇಂಬರಿನ ಉದ್ದದ್ದೇ ದೊಡ್ಡ ತಲೆನೋವು. ಹಳೆಯ ಚೇಂಬರು 2½ ಇಂಚು, ಈಗಿನ ತೋಟೆ ಬಹುಪಾಲು 70 ಮಿ.ಮೀ., ಅಂದರೆ 2¾ ಇಂಚು. ಬಾಯಿ ಮಡಿಸಿರುವುದರಿಂದ ಒಳಗೆ ಇಳಿಯುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿ ಮುಂದಿನ ಕಿರಿದಾದ ಕೊರಳಿಗೆ ಚಾಚುತ್ತದೆ. ವ್ಯಾಡ್ (ಮದ್ದು-ಚರೆಗಳ ನಡುವಿನ ಬಿರಡೆ), ಚರೆ ಆ ಇಕ್ಕಟ್ಟಿನಲ್ಲೇ ನುಗ್ಗಬೇಕಾದ್ದರಿಂದ ಒತ್ತಡ ಏರುತ್ತದೆ. ಖಾಲಿ ತೋಟೆಯ ಬಾಯಿ ಹರಿದು ಜೂಲಾಗಿದ್ದರೆ ಮೊದಲು ಚೇಂಬರಿನ ಉದ್ದ ಅಳೆಸಿ.

ಇನ್ನು ಮದ್ದು. ಡ್ರಾಂ ಎಂಬುದು ಕರಿಮದ್ದಿನ ಹಳೆಯ ತೂಕದ ಅಳತೆ; 3 ಡ್ರಾಂ ಕರಿಮದ್ದೆಂದರೆ 82 ಗ್ರೇನ್. ಹೊಗೆರಹಿತ ಮದ್ದಿನ ತೋಟೆಯ ಮೇಲೆ ‘3 ಡ್ರಾಂ’ ಎಂದಿದ್ದರೆ ಅದು ವೇಗದ ಹೋಲಿಕೆ, ತೂಕವಲ್ಲ. ಕರಿಮದ್ದಿನ ಅಳತೆಯಲ್ಲಿ ಹೊಗೆರಹಿತ ಮದ್ದು ಸುರಿದರೆ ಕೋವಿ, ಕೈ ಎರಡೂ ಉಳಿಯುವುದಿಲ್ಲ. ಮುದ್ರೆ ಸರಿಯಿದ್ದರೂ ಮುದ್ರೆ ಬಿದ್ದ ಮೇಲೆ ಎಷ್ಟು ಮಳೆಗಾಲ ಕಳೆದಿದೆ ನೋಡಿ: ತುಕ್ಕಿನ ಗುಳಿ ನಳಿಗೆಯ ಗೋಡೆಯನ್ನು ತೆಳುಮಾಡಿರುತ್ತದೆ. ಕಣಜ ಒಳಗೆ ಕಟ್ಟಿದ ಮಣ್ಣಿನ ಗೂಡೊಂದೇ ನಳಿಗೆ ಸೀಳಲು ಸಾಕು.

ಅಂದಹಾಗೆ, ಜಮ್ಮಾ (ಕೊಡಗಿನ ಪಾರಂಪರಿಕ ಭೂಹಿಡುವಳಿ) ಹಿಡುವಳಿದಾರರಿಗೂ ಕೊಡವರಿಗೂ ಕೋವಿ ಲೈಸೆನ್ಸ್ ವಿಷಯದಲ್ಲಿ ಇರುವ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಂದ. ತೋಟೆ ತಯಾರಿಕೆ 5ನೇ ಸೆಕ್ಷನ್‌ಗೆ ಬರುತ್ತದೆ; ಆ ವಿನಾಯಿತಿ ಅದಕ್ಕೆ ಅನ್ವಯಿಸದು.

ಸ್ಪರ್ಧೆ ನಡೆಸುವವರು ಆಗಸ್ಟ್‌ನಲ್ಲೇ ಚೇಂಬರ್ ಗೇಜು, ನಳಿಗೆಯ ಗೋಡೆ ಅಳೆಯುವ ಉಪಕರಣ ಇರುವ ಲೈಸೆನ್ಸ್‌ದಾರ ಗನ್‌ಸ್ಮಿತ್‌ರನ್ನು ಕರೆಸಿ ತಪಾಸಣೆ ಇಡಲಿ. ಮೈದಾನಕ್ಕೆ ಚೇಂಬರಿನ ಉದ್ದಕ್ಕೂ ಪ್ರೂಫಿಗೂ ಹೊಂದುವ ಕಾರ್ಖಾನೆಯ ತೋಟೆ ಮಾತ್ರ ಬರಲಿ. ಮುದ್ರೆ ಓದಲಾಗದ ಕೋವಿ ಪೂಜೆಗಷ್ಟೇ ಇರಲಿ.

– ಕೋವಿ ದುರಸ್ತಿ ಬಲ್ಲ ಓದುಗರು, ವಿರಾಜಪೇಟೆ